ಸೋಂಕು ತಗುಲಿದಾಗ ಮೈಯೊಳಗೆ ಏನೇನು ನಡೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವರ ಬಂದರೆ, ಗಾಯ ಕೆಂಪಾದರೆ, ಮೂಗು ಸೋರಿದರೆ, ಕತ್ತಿನಲ್ಲಿ ಗಡ್ಡೆ ಕೈಗೆ ಸಿಕ್ಕರೆ ನಾವು ರೋಗಾಣುವನ್ನು ಬೈಯುತ್ತೇವೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಮಾಡುವುದು ನಮ್ಮ ಮೈಯೇ. ಇದು ಗೊತ್ತಾದ ಮೇಲೆ ಕಾಯಿಲೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ನನಗಂತೂ ಹಾಗೇ ಆಯಿತು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಸೇರಿಸಿದ್ದೇನೆ.

ಸುತ್ತಲೂ ಇಷ್ಟೊಂದು ರೋಗಾಣುಗಳಿವೆ. ಆದರೂ ನಾವು ದಿನಾ ಯಾಕೆ ಕಾಯಿಲೆ ಬೀಳುವುದಿಲ್ಲ?

ಬಹುಪಾಲು ರೋಗಾಣುಗಳಿಗೆ ಒಳಗೆ ಬರುವ ದಾರಿಯೇ ಸಿಗುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ಇರುವುದೆಲ್ಲ ಸತ್ತ ಕೋಶಗಳು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ವೈರಸ್ ಬೆಳೆಯಬೇಕಾದರೆ ಜೀವಂತ ಕೋಶ ಬೇಕು. ಸತ್ತ ಕೋಶದಲ್ಲಿ ಅದರ ಆಟ ನಡೆಯುವುದಿಲ್ಲ. ಈ ಪದರ ದಿನಾ ಉದುರುತ್ತಲೇ ಇರುತ್ತದೆ, ಸುಮಾರು 4 ವಾರಕ್ಕೆ ಪೂರ್ತಿ ಹೊಸದಾಗುತ್ತದೆ. ಉದುರುವಾಗ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾಗಳನ್ನೂ ಹೊತ್ತುಕೊಂಡು ಹೋಗುತ್ತದೆ.

ಚರ್ಮ ಇಲ್ಲದ ಕಡೆ ಬೇರೆ ಏರ್ಪಾಡು ಇದೆ. ಕಣ್ಣೀರು, ಎಂಜಲು, ಸಿಂಬಳದಲ್ಲಿ ಲೈಸೋಜೈಮ್ ಎಂಬ ವಸ್ತು ಇದೆ. ಅದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುತ್ತದೆ. ಇದನ್ನು ಕಂಡುಹಿಡಿದು 1922ರಲ್ಲಿ ಪ್ರಕಟಿಸಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ಪೆನ್ಸಿಲಿನ್ ಅವರ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ, 1928ರಲ್ಲಿ. ಸುಮ್ನೆ ಉಪ್ಪುನೀರು ಅಂದುಕೊಂಡಿರುವ ಕಣ್ಣೀರಿನಲ್ಲೂ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಇದೆ!

ಉಸಿರಿನ ದಾರಿಯ ಒಳಗೋಡೆಗೆ ತೆಳ್ಳಗೆ ಲೋಳೆ ಬಳಿದಿರುತ್ತದೆ. ಒಳಗೆ ಬಂದ ದೂಳು, ರೋಗಾಣು ಅದಕ್ಕೆ ಅಂಟಿಕೊಳ್ಳುತ್ತವೆ. ಲೋಳೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸುತ್ತಾ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ನಮಗೆ ಗೊತ್ತೇ ಆಗದ ಹಾಗೆ ಅದನ್ನು ನುಂಗುತ್ತೇವೆ. ಅಲ್ಲಿಂದ ಅದು ಸೇರುವುದು ಹೊಟ್ಟೆಯ ಆಮ್ಲಕ್ಕೆ. ಅಷ್ಟು ಹುಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಕಡಿಮೆ. ಬೀಡಿ, ಸಿಗರೇಟಿನ ಹೊಗೆ ಈ ರೋಮಗಳನ್ನೇ ಹಾಳು ಮಾಡುತ್ತದೆ. ಸೇದುವವರಿಗೆ ಕಫ ಕಟ್ಟುವುದು, ಎದೆಯ ಸೋಂಕು ಬೇಗ ಹಿಡಿಯುವುದು ಅದಕ್ಕೇ.

ಮೈಮೇಲೆ, ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾಗಳೆಲ್ಲ ಕೆಟ್ಟವಾ?

ಇಲ್ಲ. ಬಹಳಷ್ಟು ನಮ್ಮ ಜೊತೆ ಚೆನ್ನಾಗಿಯೇ ಬಾಳುತ್ತವೆ. ಅವು ಜಾಗ ಹಿಡಿದು ಕೂತಿರುವುದರಿಂದ ಕೆಟ್ಟವು ಬಂದು ತಳವೂರಲು ಆಗುವುದಿಲ್ಲ. ಆಂಟಿಬಯೋಟಿಕ್ ತೆಗೆದುಕೊಂಡಾಗ ಕೆಲವರಿಗೆ ಭೇದಿ ಆಗುತ್ತದಲ್ವಾ? ಔಷಧಿ ರೋಗಾಣುವಿನ ಜೊತೆಗೆ ಈ ಒಳ್ಳೆಯವನ್ನೂ ಕೊಂದಿರುತ್ತದೆ.

ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು ಯಾಕೆ?

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮುಳ್ಳಿನ ಜೊತೆ ಒಂದಷ್ಟು ಬ್ಯಾಕ್ಟೀರಿಯಾ ಚರ್ಮ ದಾಟಿ ಒಳಗೆ ಹೋದವು ಅಂದುಕೊಳ್ಳಿ. ಅಲ್ಲಿ ಮೊದಲೇ ಕೆಲವು ಕಾವಲು ಕೋಶಗಳು ಕೂತಿರುತ್ತವೆ. ಅವುಗಳಲ್ಲಿ ಒಂದು ಬಗೆಯವು ಕೂಡಲೇ ಹಿಸ್ಟಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಪಕ್ಕದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಜಾಸ್ತಿ ಬಂತು, ಹಾಗಾಗಿ ಜಾಗ ಕೆಂಪಾಯಿತು, ಬಿಸಿಯಾಯಿತು. ನಾಳದ ಗೋಡೆ ಸಡಿಲವಾಗಿ ನೀರಿನಂಥ ಅಂಶ ಹೊರಗೆ ಜಿನುಗಿತು, ಊತ ಬಂತು. ನರಗಳು ಚುರುಕಾದವು, ನೋವು ಶುರುವಾಯಿತು. ನೋವಿದ್ದರೆ ಆ ಕಾಲನ್ನು ನಾವು ಊರುವುದಿಲ್ಲ, ಗಾಯಕ್ಕೆ ವಿಶ್ರಾಂತಿ ಸಿಗುತ್ತದೆ.

ಆಮೇಲೆ ಬರುವುದು ನ್ಯೂಟ್ರೋಫಿಲ್. ಬಿಳಿ ರಕ್ತಕಣಗಳಲ್ಲಿ ಇವೇ ಜಾಸ್ತಿ. ರಕ್ತದ ಹರಿವಿನಲ್ಲಿ ತೇಲಿಕೊಂಡು ಹೋಗುತ್ತಿದ್ದ ಕಣ ಗಾಯದ ಹತ್ತಿರ ಬಂದಾಗ ನಿಧಾನವಾಗುತ್ತದೆ. ನಾಳದ ಗೋಡೆಯ ಮೇಲೆ ಚೆಂಡಿನ ಹಾಗೆ ಉರುಳುತ್ತದೆ. ಒಂದು ಕಡೆ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ. ಆಮೇಲೆ ಮೈಯನ್ನು ಚಪ್ಪಟೆ ಮಾಡಿಕೊಂಡು ಗೋಡೆಯ ಎರಡು ಕೋಶಗಳ ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಬಹುದು. ಬ್ಯಾಕ್ಟೀರಿಯಾ ಕೆಂಪು ರಕ್ತಕಣಗಳ ನಡುವೆ ಪುಟ್ಟ ಚುಕ್ಕೆಯ ಹಾಗೆ ಅತ್ತಿತ್ತ ಜಾರುತ್ತದೆ. ಹಿಂದೆಯೇ ಇದು, ಅಡ್ಡ ಬಂದ ಕಣಗಳನ್ನು ತಳ್ಳಿಕೊಂಡು, ತಿರುವಿದ್ದಲ್ಲಿ ತಿರುಗಿಕೊಂಡು. ಕಣ್ಣಿಲ್ಲ, ಮೂಗಿಲ್ಲ. ರೋಗಾಣು ಬಿಟ್ಟುಹೋದ ರಾಸಾಯನಿಕದ ಜಾಡನ್ನೇ ಹಿಡಿದು ಹೋಗುತ್ತದೆ. ಕೊನೆಗೆ ಮುಟ್ಟುತ್ತದೆ, ಸುತ್ತಿಕೊಳ್ಳುತ್ತದೆ, ನುಂಗುತ್ತದೆ. ನಾನು ಇದನ್ನು ಮೊದಲ ಸಲ ನೋಡಿದಾಗ ಉಸಿರು ಬಿಗಿಹಿಡಿದು ಕೂತಿದ್ದೆ.

ಕೀವು ಅಂದರೆ ಏನು?

ಮುಖ್ಯವಾಗಿ ಸತ್ತ ನ್ಯೂಟ್ರೋಫಿಲ್‌ಗಳು. ಜೊತೆಗೆ ಸತ್ತ ಬ್ಯಾಕ್ಟೀರಿಯಾ, ಇನ್ನೂ ಬದುಕಿರುವ ಕೆಲವು ಬ್ಯಾಕ್ಟೀರಿಯಾ, ಹಾಳಾದ ಕೋಶಗಳ ಚೂರು. ನ್ಯೂಟ್ರೋಫಿಲ್ ಬಹಳ ದಿನ ಬದುಕುವ ಕೋಶ ಅಲ್ಲ. ಒಂದಷ್ಟು ಹೋರಾಡಿ ಸಾಯುತ್ತದೆ. ಅದಕ್ಕೇ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತಲೇ ಇರುತ್ತದೆ. ಕೀವನ್ನು ಹಿಸುಕಬೇಡಿ. ಹಿಸುಕಿದರೆ ಉಳಿದ ಬ್ಯಾಕ್ಟೀರಿಯಾ ಇನ್ನೂ ಒಳಗೆ ಹೋಗಬಹುದು.

ರೋಗಾಣುವನ್ನು ನುಂಗುವ ಕೋಶಗಳ ಬಗ್ಗೆ ಮೊದಲು ಹೇಳಿದವರು ಯಾರು?

ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಅವರು ಸಿಸಿಲಿಯ ಮೆಸ್ಸಿನಾದಲ್ಲಿದ್ದರು. ನಕ್ಷತ್ರ ಮೀನಿನ ಮರಿಯ ಮೈ ಗಾಜಿನ ಹಾಗೆ ಪಾರದರ್ಶಕ. ಅದರೊಳಗೆ ಓಡಾಡುವ ಕೋಶಗಳನ್ನು ನೋಡುತ್ತಾ ಅವರಿಗೆ ಒಂದು ಯೋಚನೆ ಬಂತು. ತೋಟದಿಂದ ಗುಲಾಬಿ ಮುಳ್ಳುಗಳನ್ನು ತಂದು ಮರಿಗಳ ಮೈಗೆ ಚುಚ್ಚಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಆ ಕೋಶಗಳು ಮುತ್ತಿಕೊಂಡಿದ್ದವು. ನಮ್ಮ ಕಾಲಿನ ಮುಳ್ಳಿಗೂ ಆ ಮುಳ್ಳಿಗೂ ಕತೆ ಒಂದೇ. 1908ರ ನೊಬೆಲ್ ಪ್ರಶಸ್ತಿಯನ್ನು ಅವರು ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡರು.

ಜ್ವರದಲ್ಲಿ ಮೈ ಸುಡುತ್ತಿರುತ್ತದೆ. ಆದರೂ ಚಳಿಯಾಗುವುದು ಯಾಕೆ?

ಮೈಯ ಬಿಸಿ ಎಷ್ಟಿರಬೇಕು ಅಂತ ತೀರ್ಮಾನಿಸುವ ಜಾಗ ಮಿದುಳಿನಲ್ಲಿದೆ, ಅದರ ಹೆಸರು ಹೈಪೋಥಲಮಸ್. ಮಾಮೂಲಿಯಾಗಿ ಅದರ ಲೆಕ್ಕ 37 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಸೋಂಕು ಬಂದಾಗ ಬಿಳಿ ಕಣಗಳು ರಕ್ತಕ್ಕೆ ಕೆಲವು ಸಂದೇಶ ವಸ್ತುಗಳನ್ನು ಬಿಡುತ್ತವೆ. ಅವು ಮಿದುಳಿಗೆ ತಲುಪಿದ ಮೇಲೆ ಆ ಲೆಕ್ಕ 39ಕ್ಕೆ ಏರಿತು ಅಂದುಕೊಳ್ಳಿ. ಮೈ ಇನ್ನೂ 37ರಲ್ಲೇ ಇದೆ. ಅಂದರೆ ಮಿದುಳಿನ ಪ್ರಕಾರ ಮೈ ತಣ್ಣಗಾಗಿದೆ! ಬಿಸಿ ಹೊರಗೆ ಹೋಗದಂತೆ ಚರ್ಮದ ನಾಳಗಳನ್ನು ಬಿಗಿ ಮಾಡುತ್ತದೆ. ಕೈಕಾಲು ತಣ್ಣಗಾಗುತ್ತವೆ. ಸ್ನಾಯುಗಳನ್ನು ನಡುಗಿಸಿ ಬಿಸಿ ಹುಟ್ಟಿಸುತ್ತದೆ. ಜ್ವರ ಇಳಿಯುವಾಗ ಇದೇ ಉಲ್ಟಾ. ಲೆಕ್ಕ 37ಕ್ಕೆ ಇಳಿಯಿತು, ಮೈ ಮಾತ್ರ 39ರಲ್ಲಿದೆ. ಆಗ ಬೆವರು ಕಿತ್ತುಕೊಂಡು ಬರುತ್ತದೆ.

ಒಂದು ರಾತ್ರಿ ನನ್ನ ಮಗಳಿಗೆ ಹೀಗೇ ಆಗಿತ್ತು. ಹಣೆ ಕೆಂಡ, ಪಾದ ಮಂಜುಗಡ್ಡೆ, ಹಲ್ಲು ಕಟಕಟ. ಇದರ ಕಾರಣ ಗೊತ್ತಿರದಿದ್ದರೆ ನಾನು ಗಾಬರಿ ಬಿದ್ದು ಹೋಗುತ್ತಿದ್ದೆ. ಪಾದ ಉಜ್ಜುತ್ತಾ ಕೂತೆ. ಬೆಳಗಿನ ಜಾವ ಬೆವರು ಬಂದು ಅಂಗಿಯೆಲ್ಲ ಒದ್ದೆಯಾದಾಗ ಸಮಾಧಾನ ಆಯಿತು.

ಬಿಸಿ ಏರಿದರೆ ಲಾಭ ಏನು ಅಂದರೆ, ಹಲವು ರೋಗಾಣುಗಳು ಆ ಬಿಸಿಯಲ್ಲಿ ಚೆನ್ನಾಗಿ ಬೆಳೆಯುವುದಿಲ್ಲ. ನಮ್ಮ ಕಾವಲು ಕೋಶಗಳು ಮಾತ್ರ ಚುರುಕಾಗುತ್ತವೆ.

ಹಾಗಾದರೆ ಜ್ವರದ ಮಾತ್ರೆ ತೆಗೆದುಕೊಳ್ಳಬಾರದಾ?

ತೆಗೆದುಕೊಳ್ಳಬಹುದು. ಮೈಕೈ ನೋವು, ಸಂಕಟ ಇದ್ದು ನೀರೂ ಕುಡಿಯಲಾಗದೆ, ನಿದ್ದೆಯೂ ಬಾರದೆ ಇದ್ದರೆ ಪ್ಯಾರಾಸಿಟಮಾಲ್‌ನಿಂದ ಆರಾಮ ಸಿಗುತ್ತದೆ. ಆ ಆರಾಮವೂ ಮುಖ್ಯ. ಹೇಳಿದ ಪ್ರಮಾಣ ಮೀರಬಾರದು ಅಷ್ಟೇ, ಮೀರಿದರೆ ಯಕೃತ್ತು ಹಾಳಾಗುತ್ತದೆ. ಆದರೆ ಮಗು ಆಡಿಕೊಂಡಿದೆ, ಥರ್ಮಾಮೀಟರ್ ಮಾತ್ರ 38 ತೋರಿಸುತ್ತಿದೆ ಅಂದರೆ, ಆ ಅಂಕಿ ಇಳಿಸುವುದಕ್ಕೆ ಅಂತಲೇ ಔಷಧಿ ಕೊಡಬೇಕಾಗಿಲ್ಲ.

ಕತ್ತಿನಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದು ಯಾಕೆ?

ಅವು ದುಗ್ಧಗ್ರಂಥಿಗಳು. ಮೈಯಲ್ಲಿ ನೂರಾರು ಇವೆ. ಗಾಯದ ಜಾಗದಲ್ಲಿ ಡೆಂಡ್ರೈಟಿಕ್ ಕೋಶ ಎಂಬ ಇನ್ನೊಂದು ಕಾವಲುಗಾರ ಇರುತ್ತದೆ. ಅದು ರೋಗಾಣುವಿನ ಚೂರುಗಳನ್ನು ಎತ್ತಿಕೊಂಡು ಹತ್ತಿರದ ಗ್ರಂಥಿಗೆ ಹೋಗುತ್ತದೆ. ಅಲ್ಲಿ ಸೇರಿರುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಆ ಚೂರನ್ನು ಒಂದೊಂದಾಗಿ ತೋರಿಸುತ್ತದೆ: ಇದನ್ನು ಗುರುತು ಹಿಡಿಯುವವರು ಯಾರಾದರೂ ಇದ್ದೀರಾ ಅಂತ. ಗುರುತು ಹಿಡಿದ ಕೋಶ ಅಲ್ಲೇ ಎರಡಾಗುತ್ತದೆ, ನಾಲ್ಕಾಗುತ್ತದೆ, ಸಾವಿರವಾಗುತ್ತದೆ. ಜನ ತುಂಬಿದ ಕೋಣೆಯ ಹಾಗೆ ಗ್ರಂಥಿ ಉಬ್ಬುತ್ತದೆ. ಕೈಗೆ ಲಸಿಕೆ ಹಾಕಿಸಿಕೊಂಡ ಮೇಲೆ ನನಗೆ ಅದೇ ಕಡೆಯ ಕಂಕುಳಲ್ಲಿ ಮೆತ್ತಗಿನ ಗಡ್ಡೆ ಸಿಕ್ಕಿತ್ತು. ಕೆಲವು ದಿನದಲ್ಲಿ ತಾನಾಗೇ ಹೋಯಿತು.

ನೋವಿಲ್ಲದೆ ಗಟ್ಟಿಯಾಗಿರುವ, ವಾರಗಟ್ಟಲೆ ಕರಗದ, ಬೆಳೆಯುತ್ತಲೇ ಇರುವ ಗಡ್ಡೆಯನ್ನು ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಹಿಂದೆಂದೂ ನೋಡದ ರೋಗಾಣುವನ್ನು ಮೈ ಹೇಗೆ ಗುರುತಿಸುತ್ತದೆ?

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟದ ಪ್ರಶ್ನೆ ಇದು. ರೋಗಾಣು ಬಂದ ಮೇಲೆ ಅದಕ್ಕೆ ತಕ್ಕ ಕೋಶವನ್ನು ಮೈ ತಯಾರಿಸುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಡೆಯುವುದು ಬೇರೆಯೇ. ಟಿ ಕೋಶಗಳು, ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಹುಟ್ಟುವಾಗಲೇ ರೋಗಾಣುವನ್ನು ಗುರುತು ಹಿಡಿಯಲು ತಲಾ ಒಂದು ಬೇರೆ ಬೇರೆ ಅಚ್ಚು ಇಟ್ಟುಕೊಂಡು ಹುಟ್ಟುತ್ತವೆ. ಈ ಅಚ್ಚಿನ ಜೀನ್ ಚೂರು ಚೂರಾಗಿರುತ್ತದೆ. ಪ್ರತಿ ಕೋಶವೂ ಕೆಲವು ಚೂರುಗಳನ್ನು ಆರಿಸಿ ತನ್ನದೇ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ಹಾಗಾಗಿ ಕೋಟ್ಯಂತರ ಬಗೆಯ ಅಚ್ಚುಗಳು ಮೊದಲೇ ತಯಾರಿರುತ್ತವೆ. ಮುಂದೆ ಯಾವ ರೋಗಾಣು ಬರುತ್ತದೋ ಯಾರಿಗೂ ಗೊತ್ತಿಲ್ಲ, ಆದರೆ ಅದಕ್ಕೆ ಹೊಂದುವ ಒಂದೆರಡು ಕೋಶಗಳಾದರೂ ಗುಂಪಿನಲ್ಲಿ ಎಲ್ಲೋ ಇದ್ದೇ ಇರುತ್ತವೆ. ಇನ್ನೂ ಹುಟ್ಟದ ವೈರಸ್‌ಗೂ ಉತ್ತರ ನಮ್ಮ ಮೈಯಲ್ಲಿ ಈಗಲೇ ಓಡಾಡುತ್ತಿರಬಹುದು!

ಹೊಂದುವ ಕೋಶ ಮಾತ್ರ ಆಯ್ಕೆಯಾಗಿ ಬೆಳೆಯುತ್ತದೆ ಎಂಬ ಮಾತನ್ನು ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಮುಂದಿಟ್ಟರು. ಜೀನ್ ಚೂರುಗಳ ಜೋಡಣೆಯನ್ನು ತೋರಿಸಿಕೊಟ್ಟ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಇದರಲ್ಲಿ ಒಂದು ತೊಡಕು ಇದೆ. ಸರಿಹೊಂದುವ ಕೋಶ ಸಿಕ್ಕಿ, ಅದು ಸಾಕಷ್ಟು ಸಂಖ್ಯೆಗೆ ಬೆಳೆಯಲು ಒಂದು ವಾರವೋ ಹೆಚ್ಚೋ ಬೇಕು. ಹೊಸ ಕಾಯಿಲೆಯಲ್ಲಿ ಮೊದಲ ಕೆಲವು ದಿನ ನಾವು ನರಳುವುದು, ಆಮೇಲೆ ಚೇತರಿಸಿಕೊಳ್ಳುವುದು ಇದರಿಂದ.

ಪ್ರತಿಕಾಯ ಏನು ಮಾಡುತ್ತದೆ?

ಬಿ ಕೋಶಗಳು ತಮ್ಮ ಅಚ್ಚಿನ ನಕಲುಗಳನ್ನು ರಕ್ತಕ್ಕೆ ಬಿಡುತ್ತವೆ. ಅವೇ ಪ್ರತಿಕಾಯಗಳು. ಪೂರ್ತಿ ಬಲಿತ ಒಂದು ಕೋಶ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ಸುರಿಯಬಲ್ಲದು. ಅವು ವೈರಸ್‌ಗೆ ಅಂಟಿಕೊಂಡರೆ ವೈರಸ್ ನಮ್ಮ ಕೋಶದೊಳಗೆ ಹೋಗಲು ಆಗುವುದಿಲ್ಲ. ಬ್ಯಾಕ್ಟೀರಿಯಾಗೆ ಅಂಟಿಕೊಂಡರೆ ನುಂಗುವ ಕೋಶಗಳಿಗೆ ಹಿಡಿ ಸಿಕ್ಕಿದ ಹಾಗೆ ಆಗುತ್ತದೆ. ಆದರೆ ವೈರಸ್ ಒಮ್ಮೆ ಕೋಶದೊಳಗೆ ಹೊಕ್ಕರೆ ಪ್ರತಿಕಾಯದ ಕೈಗೆ ಸಿಗುವುದಿಲ್ಲ. ಆಗ ಕೊಲ್ಲುವ ಟಿ ಕೋಶಗಳು ಬಂದು ಸೋಂಕು ತಗುಲಿದ ಕೋಶವನ್ನೇ ಮುಗಿಸುತ್ತವೆ.

ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ನೆಗಡಿ ಮಾತ್ರ ಯಾಕೆ ಮತ್ತೆ ಮತ್ತೆ?

ಸೋಂಕು ಮುಗಿದ ಮೇಲೆ ಹೆಚ್ಚಿನ ಹೋರಾಟದ ಕೋಶಗಳು ಸಾಯುತ್ತವೆ. ಕೆಲವು ಮಾತ್ರ ನೆನಪು ಇಟ್ಟುಕೊಂಡು ಉಳಿಯುತ್ತವೆ. ಈ ನೆನಪು ಎಷ್ಟು ಗಟ್ಟಿ ಗೊತ್ತಾ? ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಹರಡಿತ್ತು. ಆಮೇಲೆ 65 ವರ್ಷ ಅಲ್ಲಿ ದಡಾರವೇ ಇರಲಿಲ್ಲ. 1846ರಲ್ಲಿ ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಅದನ್ನು ಅಧ್ಯಯನ ಮಾಡಲು ಹೋದ ಪೀಟರ್ ಪಾನಮ್ ಎಂಬ ಯುವ ವೈದ್ಯ ಮುದುಕರನ್ನು ಮಾತಾಡಿಸಿದರು. ಬಾಲ್ಯದಲ್ಲಿ, 1781ರಲ್ಲಿ, ದಡಾರ ಆಗಿದ್ದವರಲ್ಲಿ ಒಬ್ಬರಿಗೂ ಮತ್ತೆ ಬಂದಿರಲಿಲ್ಲ.

ನೆಗಡಿಯ ವಿಷಯದಲ್ಲಿ ನೆನಪು ಕೈಕೊಡುತ್ತದೆ ಅಂತಲ್ಲ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಈ ಸಲ ಬಂದದ್ದು ಬೇರೆ, ಹೋದ ಸಲ ಬಂದದ್ದು ಬೇರೆ. ಫ್ಲೂ ವೈರಸ್ ಅಂತೂ ತನ್ನ ಹೊರರೂಪವನ್ನು ಆಗಾಗ ಬದಲಿಸಿಕೊಳ್ಳುತ್ತದೆ. ಅದಕ್ಕೇ ಫ್ಲೂ ಲಸಿಕೆ ವರ್ಷ ವರ್ಷ ಹೊಸದಾಗಿ ಬರುತ್ತದೆ.

ದಡಾರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದು ನೆನಪಿನ ಕೋಶಗಳನ್ನೇ ಹಿಡಿದು ಕೊಲ್ಲುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಸಿಕೆ ಹಾಕಿಸದೆ ದಡಾರ ಬಂದ ಮಕ್ಕಳು ಬೇರೆ ರೋಗಗಳ ವಿರುದ್ಧ ಗಳಿಸಿಕೊಂಡಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟನ್ನು ಕಳೆದುಕೊಂಡಿದ್ದರು. ‘ದಡಾರ ತಾನೇ, ಬಂದು ಹೋಗಲಿ’ ಅನ್ನುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಲಸಿಕೆ ಇದರಲ್ಲಿ ಏನು ಮಾಡುತ್ತದೆ?

ಕಾಯಿಲೆ ಬೀಳದೆ ಆ ನೆನಪನ್ನು ಕೊಡುತ್ತದೆ. ಸತ್ತ ಅಥವಾ ಬಲ ಕುಂದಿಸಿದ ರೋಗಾಣು, ಇಲ್ಲವೇ ಅದರ ಒಂದು ಚೂರು, ಇಲ್ಲವೇ ಆ ಚೂರನ್ನು ತಯಾರಿಸುವ ಸೂಚನೆ: ಇವುಗಳಲ್ಲಿ ಯಾವುದಾದರೊಂದನ್ನು ಮೈಗೆ ಮೊದಲೇ ತೋರಿಸುತ್ತಾರೆ. ಹಸುವಿನ ಸಿಡುಬು ಬಂದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂಬ ಮಾತನ್ನು ಎಡ್ವರ್ಡ್ ಜೆನ್ನರ್ 1796ರಲ್ಲಿ ಎಂಟು ವರ್ಷದ ಹುಡುಗನ ಮೇಲೆ ಪರೀಕ್ಷಿಸಿದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಲೋಕದಿಂದಲೇ ಹೋಯಿತು ಎಂದು ಘೋಷಿಸಿತು. ಲಸಿಕೆ ಹಾಕಿದ ದಿನ ಬರುವ ಸಣ್ಣ ಜ್ವರ, ತೋಳು ನೋವು ಎರಡೂ ಮೇಲೆ ಹೇಳಿದ ಕೆಲಸವೇ. ಅವು ಬರದಿದ್ದರೆ ಲಸಿಕೆ ಹಿಡಿಯಲಿಲ್ಲ ಅಂತ ಅರ್ಥ ಅಲ್ಲ.

ಈ ಕೋಶಗಳು ನಮ್ಮ ಮೈಯ ಮೇಲೆಯೇ ಯಾಕೆ ಬೀಳುವುದಿಲ್ಲ?

ಎದೆಮೂಳೆಯ ಹಿಂದೆ ಥೈಮಸ್ ಎಂಬ ಪುಟ್ಟ ಅಂಗ ಇದೆ. ಟಿ ಕೋಶಗಳಿಗೆ ಅಲ್ಲೇ ಪರೀಕ್ಷೆ. ಬಹಳ ಕಠಿಣ ಪರೀಕ್ಷೆ. ನಮ್ಮದೇ ವಸ್ತುವಿಗೆ ಗಟ್ಟಿಯಾಗಿ ಅಂಟಿಕೊಳ್ಳುವವು ಅಲ್ಲೇ ಸಾಯಬೇಕು. ಯಾವುದಕ್ಕೂ ಸ್ಪಂದಿಸದವೂ ಸಾಯುತ್ತವೆ. ನೂರರಲ್ಲಿ ಐದು ಕೂಡ ಪಾಸಾಗಿ ಹೊರಗೆ ಬರುವುದಿಲ್ಲ. ಅಲ್ಲಿಂದಲೂ ತಪ್ಪಿಸಿಕೊಂಡವನ್ನು ತಡೆಯಲು ಬೇರೊಂದು ಬಗೆಯ ಟಿ ಕೋಶಗಳಿವೆ. ಅವುಗಳ ಬಗ್ಗೆ ತಿಳಿಸಿಕೊಟ್ಟ ಮೂವರಿಗೆ 2025ರ ನೊಬೆಲ್ ಪ್ರಶಸ್ತಿ ಸಿಕ್ಕಿತು.

ಇಷ್ಟಿದ್ದರೂ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದರೆ ಟೈಪ್ 1 ಮಧುಮೇಹ. ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಹೂವಿನ ಪರಾಗದಂಥ ನಿರುಪದ್ರವಿಯನ್ನು ಶತ್ರು ಅಂದುಕೊಂಡರೆ ಅಲರ್ಜಿ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಮಾತ್ರೆ, ಪುಡಿಗಳಿಂದ ಉಪಯೋಗ ಇದೆಯಾ?

‘ಶಕ್ತಿ’ ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ ಅಂತ ನನಗೆ ಅನಿಸುತ್ತದೆ. ಶಕ್ತಿ ಅಂದ ಮೇಲೆ ಜಾಸ್ತಿ ಇದ್ದಷ್ಟು ಒಳ್ಳೆಯದು ಅಲ್ವಾ? ಆದರೆ ಮೇಲಿನ ಉತ್ತರ ನೋಡಿ. ಅಲರ್ಜಿ, ಸಂಧಿವಾತ ಬರುವುದು ಈ ‘ಶಕ್ತಿ’ ಕಡಿಮೆಯಾಗಿ ಅಲ್ಲ, ತಪ್ಪು ಜಾಗದಲ್ಲಿ ಕೆಲಸ ಮಾಡಿ. ಮೈಗೆ ಬೇಕಾದದ್ದು ಸರಿಯಾಗಿ ಗುರುತು ಹಿಡಿಯುವುದು, ಬೇಕಾದಷ್ಟೇ ಹೋರಾಡುವುದು, ಮುಗಿದ ಮೇಲೆ ನಿಲ್ಲಿಸುವುದು.

ಯಾವುದಾದರೂ ವಿಟಮಿನ್ ಅಥವಾ ಸತು ಕೊರತೆ ಇದ್ದರೆ ಅದನ್ನು ತುಂಬಿಕೊಳ್ಳಬೇಕು, ಅದು ಸರಿ. ಕೊರತೆ ಇಲ್ಲದವರಿಗೆ ಹೆಚ್ಚು ನುಂಗಿದರೆ ಹೆಚ್ಚು ರಕ್ಷಣೆ ಸಿಗುವುದಿಲ್ಲ. ವಿಟಮಿನ್ ಸಿ ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ನರಳುವ ದಿನ ಸ್ವಲ್ಪ ಕಡಿಮೆಯಾಗಬಹುದು ಅಷ್ಟೇ.

ನಿದ್ದೆಯ ಕತೆ ಬೇರೆ. 2015ರ ಒಂದು ಅಧ್ಯಯನದಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್‌ನ ಹನಿ ಹಾಕಿದರು. ರಾತ್ರಿ 6 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ, 7 ಗಂಟೆಗಿಂತ ಹೆಚ್ಚು ಮಲಗುವವರಿಗೆ ಹೋಲಿಸಿದರೆ, ನೆಗಡಿ ಹಿಡಿಯುವ ಸಾಧ್ಯತೆ ಸುಮಾರು 4 ಪಟ್ಟು ಇತ್ತು.

ಹಸುಗೂಸಿಗೆ ರಕ್ಷಣೆ ಎಲ್ಲಿಂದ?

ತಾಯಿಯಿಂದ. ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಮಾಸು ದಾಟಿ ಮಗುವಿನ ರಕ್ತ ಸೇರುತ್ತವೆ. ಹುಟ್ಟಿದ ಮೇಲೆ ಕೆಲವು ತಿಂಗಳು ಅವೇ ಕಾಯುತ್ತವೆ. ಎದೆಹಾಲಿನಲ್ಲಿ, ಅದರಲ್ಲೂ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ, ಇನ್ನೊಂದು ಬಗೆಯ ಪ್ರತಿಕಾಯ ತುಂಬಿರುತ್ತದೆ. ಅದು ಮಗುವಿನ ಗಂಟಲು, ಕರುಳಿನ ಒಳಗೋಡೆಗೆ ಕಾವಲು. ಇದು ಸಾಲ ತಂದ ರಕ್ಷಣೆ, ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಅಷ್ಟರಲ್ಲಿ ಮಗುವಿನ ಲಸಿಕೆಗಳು ಸರಿಯಾದ ಹೊತ್ತಿಗೆ ಆಗುತ್ತಾ ಬರಬೇಕು.

ವಯಸ್ಸಾದವರಿಗೆ ಸೋಂಕು ಜೋರಾಗುವುದು ಯಾಕೆ?

ಥೈಮಸ್ ಹರೆಯದಿಂದಲೇ ಕುಗ್ಗುತ್ತಾ ಬರುತ್ತದೆ. ಹೊಸ ಟಿ ಕೋಶಗಳು ಕಡಿಮೆ. ಕೆಲವರಿಗೆ ಸೋಂಕು ಜೋರಾಗಿದ್ದರೂ ಜ್ವರ ಬರುವುದಿಲ್ಲ. ಇದ್ದಕ್ಕಿದ್ದಂತೆ ಮಂಕಾದರು, ಗೊಂದಲದಿಂದ ಮಾತಾಡುತ್ತಿದ್ದಾರೆ ಅಂದರೆ ಅದನ್ನೇ ಸೂಚನೆ ಅಂತ ತಿಳಿಯಬೇಕು.

ನೆಗಡಿಗೆ ಆಂಟಿಬಯೋಟಿಕ್ ತೆಗೆದುಕೊಂಡರೆ ಬೇಗ ವಾಸಿ ಆಗುತ್ತದಾ?

ಇಲ್ಲ. ಅದು ಬ್ಯಾಕ್ಟೀರಿಯಾಗೆ ಮಾತ್ರ. ವೈರಸ್‌ಗೆ ಏನೂ ಮಾಡುವುದಿಲ್ಲ.

ಈ ಕಾವಲನ್ನೇ ವಂಚಿಸುವ ರೋಗಾಣುಗಳಿವೆಯಾ?

ಇವೆ. ಕ್ಷಯದ ಬ್ಯಾಕ್ಟೀರಿಯಾವನ್ನು ಮ್ಯಾಕ್ರೋಫೇಜ್ ಎಂಬ ಕೋಶ ನುಂಗುತ್ತದೆ, ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ. ಬ್ಯಾಕ್ಟೀರಿಯಾ ಅದರೊಳಗೇ ಮನೆ ಮಾಡಿಕೊಳ್ಳುತ್ತದೆ. ಮೈ ಸುತ್ತ ಕೋಶಗಳ ಗೋಡೆ ಕಟ್ಟಿ ಅದನ್ನು ಕೂಡಿಹಾಕುತ್ತದೆ. ವರ್ಷಗಟ್ಟಲೆ ಹಾಗೇ ಇರಬಹುದು. ಎಚ್‌ಐವಿ ಇನ್ನೂ ಕ್ರೂರ. ಉಳಿದ ಕೋಶಗಳಿಗೆ ದಾರಿ ತೋರಿಸುವ ಸಹಾಯಕ ಟಿ ಕೋಶಗಳನ್ನೇ ಅದು ಹಿಡಿಯುತ್ತದೆ. ಇವತ್ತು ದಿನಾ ಔಷಧಿ ತೆಗೆದುಕೊಳ್ಳುವವರಲ್ಲಿ ವೈರಸ್ ತಲೆ ಎತ್ತದ ಹಾಗೆ ಇಡಬಹುದು, ಅವರು ತುಂಬು ಬದುಕು ಬಾಳುತ್ತಾರೆ.

ಮೈ ತಾನೇ ನೋಡಿಕೊಳ್ಳುತ್ತದೆ ಅಂತ ಎಲ್ಲಿಯವರೆಗೆ ಕಾಯಬೇಕು? ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ಮೂರು ತಿಂಗಳಿಗಿಂತ ಚಿಕ್ಕ ಮಗುವಿಗೆ 38 ಡಿಗ್ರಿ ಬಂದರೆ ಕಾಯಲೇಬೇಡಿ. ಉಸಿರಾಟ ಜೋರಾದರೆ, ಮೂತ್ರ ಬಹಳ ಕಡಿಮೆಯಾದರೆ, ಗೊಂದಲ ಅಥವಾ ವಿಪರೀತ ಮಂಪರು ಇದ್ದರೆ, ಕತ್ತು ಬಗ್ಗಿಸಲು ಆಗದಿದ್ದರೆ, ಚರ್ಮ ಬಿಳಿಚಿ ಕಲೆ ಕಲೆಯಾದರೆ ಆಗಲೂ ಕೂಡಲೇ ಹೊರಡಿ. ಸೋಂಕಿಗೆ ಮೈ ಕೊಡುವ ಉತ್ತರವೇ ಹದ ತಪ್ಪಿ ಅಂಗಾಂಗಗಳನ್ನು ಹಾಳುಮಾಡುವ ಸ್ಥಿತಿ ಇದೆ, ಅದನ್ನು ಸೆಪ್ಸಿಸ್ ಅನ್ನುತ್ತಾರೆ. ಅದರಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಗಾಯದ ಸುತ್ತಲಿನ ಕೆಂಪು ಹರಡುತ್ತಿದೆಯಾ ಅಂತ ಅನುಮಾನ ಇದ್ದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆದಿಡಿ. ಕೆಲವು ಗಂಟೆಯಲ್ಲಿ ಕೆಂಪು ಗೆರೆ ದಾಟಿದ್ದರೆ ಅವತ್ತೇ ತೋರಿಸಿ.